ಹೋಟೆಲಿನವನ ಹೆಂಡತಿ

ವಿಡಿಯೊ ನಿಲ್ಲಿಸಿ ನಿರ್ದೇಶಕ ವಿಲ್ಮೋಶ್ ಹೇಳಿದ, "ಇನ್ನುಮುಂದೆ ಹೀಗೇ ಮಾಡಬೇಕು ಮೇಡಂ."

ಪರದೆಯ ಮೇಲೆ ಟೋಕಿಯೊದ ನಟಿಯೊಬ್ಬಳು ಬೆಳ್ಳುಳ್ಳಿ ಮಾಲೆಯನ್ನು ಎತ್ತಿ ಹಿಡಿದು ನಿಂತಿದ್ದಳು. ಇಲ್ಲಿ ಅದೇ ಪಾತ್ರ ಮಾಡುತ್ತಿದ್ದ ಎತೆಲ್ಕಾಗೆ ಮೈಯೆಲ್ಲ ಉರಿಯಿತು. ಬುಡಾಪೆಸ್ಟಿನ ಈ ಹಳೇ ರಂಗಮಂದಿರದಲ್ಲಿ ಹುಟ್ಟಿದ ರಕ್ತಪಿಶಾಚಿಗಳ ಹಾಡುನಾಟಕ ಈಗ ದೇಶದೇಶಗಳಲ್ಲಿ ನಡೆಯುತ್ತಿತ್ತು. ಎಲ್ಲ ಕಡೆಯೂ ಜನ ಬಿದ್ದುಬಿದ್ದು ನಗುವುದು ಒಂದೇ ಜಾಗದಲ್ಲಿ: ಸತ್ತು ಪಿಶಾಚಿಯಾದ ಹೋಟೆಲಿನವನು ಹೆಂಡತಿಯ ಕತ್ತು ಕಚ್ಚಲು ಬರುತ್ತಾನೆ, ಅವಳು ಪಿಶಾಚಿಗಳನ್ನು ದೂರವಿಡಲು ಕಟ್ಟಿದ ಬೆಳ್ಳುಳ್ಳಿ ಮಾಲೆಯಿಂದಲೇ ಅವನ ಮುಖಕ್ಕೆ ಬಾರಿಸುತ್ತಾಳೆ. "ಬದುಕಿದ್ದಾಗ ಒಂದು ದಿನ ಹೊತ್ತಿಗೆ ಸರಿಯಾಗಿ ಮನೆಗೆ ಬರಲಿಲ್ಲ, ಸತ್ತಮೇಲೆ ಬಂದ್ಯಾ?"

"ಇದನ್ನ ಬರೆದದ್ದು ಯಾರು ಗೊತ್ತಾ?" ಎಂದಳು ಎತೆಲ್ಕಾ. "ಮೊದಲು ಅಲ್ಲಿ 'ಹೆಂಡತಿ ಕಿರುಚುತ್ತಾಳೆ' ಅಂತಷ್ಟೇ ಇತ್ತು. ಹೋಟೆಲಿನವನ ಪಾತ್ರ ಮಾಡ್ತಿದ್ದ ನನ್ನ ಗಂಡ ದೆಜೋ ತಾಲೀಮಿಗೆ ಕುಡಿದು ತಡವಾಗಿ ಬಂದ. ಕೈಗೆ ಸಿಕ್ಕಿದ್ದರಲ್ಲಿ ಬಾರಿಸಿದೆ, ಬಾಯಿಗೆ ಬಂದದ್ದು ಬೈದೆ. ಅದೇ ಉಳ್ಕೊಂಡಿತು."

"ಇರಬಹುದು. ಆದ್ರೆ ನೀವು ಒಂದೊಂದು ದಿನ ಒಂದೊಂದು ಥರ ಮಾಡ್ತೀರಿ. ನಾಟಕದ ಹಕ್ಕು ಕೊಂಡಿರೋ ಹ್ಯಾಂಬರ್ಗಿನ ಕಂಪನಿಗೆ ಎಲ್ಲ ಊರಲ್ಲೂ ಒಂದೇ ಥರ ಬೇಕು. ಎರಡೇ ಏಟು. 'ಬಂದ್ಯಾ' ಅಂದಮೇಲೆ ಸ್ವಲ್ಪ ನಿಲ್ಲಿ, ಜನ ನಗಬೇಕಲ್ಲ."

"ನನ್ನ ಗಂಡನ್ನ ಬಯ್ಯೋದು ಹೇಗೆ ಅಂತ ನಾನು ಜಪಾನಿನವರ ಹತ್ರ ಕಲೀಬೇಕಾ?"

"ನಿಮಗೆ ಬೇಡ ಅಂದ್ರೆ ಬೇರೆ ಯಾರಾದ್ರೂ ಕಲೀತಾರೆ," ಎಂದ ವಿಲ್ಮೋಶ್, ಲ್ಯಾಪ್‌ಟಾಪ್ ಮುಚ್ಚುತ್ತ.

ಭಾನುವಾರ ಮಧ್ಯಾಹ್ನದ ಆಟಕ್ಕೆ ಎತೆಲ್ಕಾ ಹಲ್ಲು ಕಚ್ಚಿಕೊಂಡೇ ರಂಗಕ್ಕೆ ಬಂದಳು. ಎರಡಲ್ಲ, ಇಪ್ಪತ್ತು ಬಾರಿಸುವುದೆಂದು ನಿಶ್ಚಯಿಸಿದ್ದಳು. ಕಿಟಕಿ ಹಾರಿ ಲೋರಾಂಟ್ ಒಳಬಂದ. ಹೋದ ವಸಂತದಲ್ಲಿ ದೆಜೋ ತೀರಿಕೊಂಡ ಮೇಲೆ ಆ ಪಾತ್ರ ಅವನಿಗೆ ಸಿಕ್ಕಿತ್ತು. ಹೆಗಲಲ್ಲಿ ಸಡಿಲವಾಗಿ ಜೋತಿದ್ದ ಕೋಟು ದೆಜೋನದೇ. ಎತೆಲ್ಕಾ ಮಾಲೆ ಎತ್ತಿದಳು. ಜನ ಆಗಲೇ ನಗಲು ಶುರುಮಾಡಿದ್ದರು. ಆ ನಗು ಕೇಳಿದ್ದೇ ಅವಳಿಗೆ ಎಲ್ಲರ ಮೇಲೂ ಅಸಹ್ಯವೆನಿಸಿತು. ಮಾಲೆಯನ್ನು ನೆಲಕ್ಕೆ ಬಿಸಾಡಿ, ರವಿಕೆಯ ಕೊರಳಪಟ್ಟಿಯ ಗುಂಡಿ ಕಿತ್ತು, ಕತ್ತನ್ನು ಒಡ್ಡಿ ನಿಂತಳು.

"ಅಕ್ಕಾ, ಹೊಡೀರಿ," ಲೋರಾಂಟ್ ತುಟಿ ಅಲುಗಿಸದೆ ಪಿಸುಗುಟ್ಟಿದ.

"ಕಚ್ಚೋ."

ವಾದ್ಯದವರು ಒಬ್ಬೊಬ್ಬರಾಗಿ ನುಡಿಸುವುದನ್ನು ನಿಲ್ಲಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಇಬ್ಬರು ನಕ್ಕು ಸುಮ್ಮನಾದರು. ಲೋರಾಂಟ್ ಹೆದರುತ್ತ ಅವಳ ಕತ್ತಿಗೆ ಬಾಯಿ ಇಟ್ಟ. ಅವಳು ಆ ಕೋಟನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು. ತೆರೆ ಬೀಳುವವರೆಗೂ ಬಿಡಲಿಲ್ಲ.

ಬಣ್ಣದ ಕೋಣೆಯಲ್ಲಿ ಅವಳು ಕೃತಕ ಕೂದಲಿನ ಟೋಪನ್‌ನ ಪಿನ್ನುಗಳನ್ನು ಕಿತ್ತೆಸೆಯುತ್ತಿದ್ದಾಗ ವಿಲ್ಮೋಶ್ ಬಂದ. ಕೆಲಸ ಹೋಯಿತೆಂದು ಹೇಳಲು ಬಂದಿದ್ದಾನೆ ಎಂದುಕೊಂಡಳು. ಅವನ ಕಣ್ಣು ಒದ್ದೆಯಾಗಿತ್ತು.

"ಅದ್ಭುತ ಮೇಡಂ. ಅಷ್ಟೂ ಫೋನಲ್ಲಿ ಹಿಡ್ಕೊಂಡು ಹ್ಯಾಂಬರ್ಗಿಗೆ ಕಳಿಸಿದೆ. ಆಗಲೇ ಒಪ್ಪಿಬಿಟ್ರು. ಮುಂದಿನ ವರ್ಷದಿಂದ ಎಲ್ಲ ಊರಲ್ಲೂ ಹೀಗೇ."

"ಒಟ್ಟು ಎಷ್ಟು ಊರು?"

"ಸಿಯೋಲ್ ಸೇರಿದ್ರೆ ಹನ್ನೆರಡು."

ಎತೆಲ್ಕಾ ಕುರ್ಚಿ ತಿರುಗಿಸಿ ಅವನನ್ನೇ ನೋಡಿದಳು. "ಹಾಗಾದ್ರೆ ಇನ್ನೂ ಹನ್ನೊಂದು ಗಂಡಂದಿರು ಸಾಯಬೇಕಲ್ಲಪ್ಪ. ಅದನ್ನೂ ನಿಮ್ಮ ಕಂಪನಿಯೇ ನೋಡ್ಕೊಳ್ಳುತ್ತಾ?"