ಹೆಂಡತಿಯ ಸಹಿ

ಬಿಬಿಯಾನ ಬಾಯಿ ಬದುಕಿದ್ದಷ್ಟು ಕಾಲ ಇದನ್ನು ಬರೆಯುವ ಧೈರ್ಯ ನನಗಾಗಲಿಲ್ಲ. ಬರೆಯುವ ಅಧಿಕಾರ ಈಗಲೂ ಇದೆಯೆಂದು ಹೇಳಲಾರೆ. ಎಲ್ಲಾದರೂ ತಪ್ಪಿದ್ದರೆ ಮನ್ನಿಸಬೇಕು.

ಸೋಮವಾರ ಬೆಳಿಗ್ಗೆ ಅವಳು ಕಿಟಕಿ ತೆರೆದಾಗ ಪಕ್ಕದ ಮನೆಯ ಹಿತ್ತಲಿನಲ್ಲಿ ಗಡ್ಡದವನೊಬ್ಬ ಫೋಟೋಗಳನ್ನು ಸುಡುತ್ತಿದ್ದ. ಚೌಕಟ್ಟಿನಿಂದ ಕಿತ್ತು ಒಂದೊಂದಾಗಿ ಬೆಂಕಿಗೆ ಹಾಕುತ್ತಿದ್ದ. ಆ ಮನೆಯ ಲಿಬರಾತಳ ಮದುವೆಯ ಪಟ ಸುರುಟಿಕೊಂಡು ಕಪ್ಪಾಗುವುದು ಬೇಲಿಯಾಚೆಗೂ ಕಾಣಿಸಿತು.

"ಯಾರಪ್ಪಾ ನೀನು?"

"ಬೊನಿಫಾಸ್. ಲಿಬರಾತಳ ಗಂಡ."

ಬಿಬಿಯಾನ ಶಿಲುಬೆಯ ಗುರುತು ಮಾಡಿಕೊಂಡಳು. ಬೊನಿಫಾಸ್ ಹಡಗಿನಲ್ಲಿ ಅಡುಗೆಯವನು. ಅವನು ಕೊನೆಯ ಸಲ ಊರಿಗೆ ಬಂದುಹೋಗಿ ಎಂಟು ವರ್ಷವಾಗಿತ್ತು. ತೀರಿಹೋದ ಚಿಕ್ಕಮ್ಮನ ಮನೆಗೆ ಬಿಬಿಯಾನ ಬಂದು ನೆಲೆಸಿದ್ದು ಆರು ವರ್ಷದ ಹಿಂದೆ. ಅವನ ಬಗ್ಗೆ ಲಿಬರಾತ ಹೇಳಿದ್ದು ಒಂದೇ ಮಾತು: ಕುಡಿದರೆ ಕೈ ಮಾಡುತ್ತಾನೆ.

"ಏನಿದು ಸುಡೋದು, ಬಾಬ್?" ಅಲ್ಲಿ ಗಂಡಸರನ್ನು ಬಾಬ್ ಎಂದು, ಹೆಂಗಸರನ್ನು ಬಾಯಿ ಎಂದು ಕರೆಯುವುದು ರೂಢಿ.

"ಮನೆ ಮಾರ್ತಾ ಇದೀವಿ. ಬೊಂಬಾಯಿಯವರು ತಗೊಳ್ತಾರೆ. ಶುಕ್ರವಾರದೊಳಗೆ ಎಲ್ಲಾ ಮುಗೀಬೇಕು. ಶುಕ್ರವಾರ ಹಡಗಿದೆ."

"ಲಿಬರಾತ ಎಲ್ಲಿ?"

"ಜ್ವರ. ಮಲಗಿದಾಳೆ."

ಆ ಓಣಿಯಲ್ಲಿ ಉಳಿದ ಮೂರು ಮನೆಗಳಿಗೂ ಬೀಗ. ಮನೆಯವರು ಕೆಲವರು ಲಿಸ್ಬನ್ನಿನಲ್ಲಿ, ಕೆಲವರು ಆಫ್ರಿಕದಲ್ಲಿ. ಕೂಗಿದರೆ ಕೇಳಿಸಿಕೊಳ್ಳುವವಳು ಬಿಬಿಯಾನ ಒಬ್ಬಳೇ. ಅವಳು ಅಂದಿನಿಂದ ಕಿಟಕಿ ಬಿಡಲಿಲ್ಲ.

ಒಳಗೆ ನೆಲವನ್ನು ಫಿನೈಲಿನಿಂದ ಎರಡೆರಡು ಸಲ ತೊಳೆಯುವ ಸದ್ದು. ಅಡುಗೆಮನೆಯ ತಗ್ಗು ಬಾಗಿಲಿಗೆ ತಲೆ ಬಡಿದುಕೊಂಡು ಅವನು ಬೈಯುವ ಸದ್ದು, ದಿನಕ್ಕೆ ಮೂರು ಸಲ. ಎಂದೂ ಕಟ್ಟಿಹಾಕದ ನಾಯಿಯನ್ನು ಬಾವಿಯ ಕಂಬಕ್ಕೆ ಕಟ್ಟಿದ್ದ. ಅವನನ್ನು ಕಂಡಾಗಲೆಲ್ಲ ಅದು ಬೊಗಳಿ ಬೊಗಳಿ ಸೊರಗಿತು. ಲಿಬರಾತಳ ದನಿ ಮಾತ್ರ ಒಮ್ಮೆಯೂ ಕೇಳಲಿಲ್ಲ.

ಮಂಗಳವಾರ ಅವನು ಮುಂಗೋಡೆಗೆ ಬಿಳಿ ಸುಣ್ಣ ಬಳಿಯತೊಡಗಿದ. ಬಿಬಿಯಾನ ಬೇಲಿಗೆ ಓಡಿದಳು. ನೀಲಿ, ಹಳದಿ, ಕಾವಿ, ಏನು ಬೇಕಾದರೂ ಬಳಿಯಬಹುದು. ಆ ಊರಿನ ರೂಢಿಯಲ್ಲಿ ಬಿಳಿ ಬಣ್ಣ ಇಗರ್ಜಿಗೆ, ಅಂದರೆ ಚರ್ಚಿಗೆ, ಮಾತ್ರ.

"ಬಿಳಿ ಬಳೀತಿದೀಯಲ್ಲ ಬಾಬ್! ನಿಮ್ಮಮ್ಮ ಇದ್ದಿದ್ರೆ ಆ ಕುಂಚದಲ್ಲೇ ನಿನಗೆ ಬಾರಿಸೋಳು."

ಅವನು ಒಂದು ಕ್ಷಣ ಕೈ ನಿಲ್ಲಿಸಿದ. "ತಗೊಳ್ಳೋರಿಗೆ ಬೆಳ್ಳಗಿದ್ರೇ ಇಷ್ಟವಂತೆ."

ಗಂಜಿ, ಒಣಮೀನು ಹಿಡಿದುಕೊಂಡು ಹೋದಳು. ಬಾಗಿಲಲ್ಲೇ ಪಾತ್ರೆ ಇಸಕೊಂಡ.

"ಒಂದು ಗಳಿಗೆ ಮಾತಾಡಿಸಿ ಬರ್ತೀನಿ."

"ನಿದ್ದೆ ಮಾಡ್ತಿದಾಳೆ."

"ಎರಡು ದಿನದಿಂದ ನಿದ್ದೆಯಾ?"

"ಅವಳಿಗೆ ನಿದ್ದೆ ಬಾಕಿ ಇದೆ, ಬಾಯಿ," ಎಂದು ಬಾಗಿಲು ಮುಚ್ಚಿದ.

ಬುಧವಾರ ಬಿಬಿಯಾನ ಮಡಗಾಂವಿನ ಬಸ್ಸು ಹತ್ತಿ ನೋಟರಿಯ ಕಚೇರಿಗೆ ಹೋದಳು. ಕಾನೂನು ಅವಳಿಗೂ ಗೊತ್ತಿತ್ತು: ಮನೆ ಗಂಡನ ಹೆಸರಿನಲ್ಲಿದ್ದರೂ ಅರ್ಧ ಹೆಂಡತಿಯದು, ಅವಳ ಸಹಿ ಇಲ್ಲದೆ ಮಾರಾಟ ನಡೆಯದು.

"ಅವಳನ್ನ ಕಣ್ಣಾರೆ ನೋಡದೆ ಪತ್ರ ಮಾಡ್ಬೇಡಿ. ಮುಸುಕು ಹಾಕಿಸಿ ಯಾರನ್ನಾದ್ರೂ ಕೂರಿಸಿಬಿಟ್ಟಾನು. ನನಗೆ ಅವಳ ಜೀವದ್ದೇ ಭಯ."

ಮುದಿ ನೋಟರಿ ಕನ್ನಡಕ ಒರೆಸಿಕೊಂಡ. "ಹೆಂಡತಿಗೆ ಜ್ವರ ಅಂತ ಹೇಳ್ಕೊಂಡು ಬರೋ ಗಂಡಂದಿರನ್ನ ನಲವತ್ತು ವರ್ಷದಿಂದ ನೋಡ್ತಿದೀನಿ, ಬಾಯಿ. ನನ್ನ ಹತ್ತಿರ ಅದು ನಡೆಯಲ್ಲ. ನಾಳೆ ಮನೆಗೇ ಬರ್ತೀನಿ. ನೀವೂ ಇರಿ, ಅವಳೇ ಹೌದು ಅಂತ ಸಾಕ್ಷಿ ಹೇಳಿ."

ಗುರುವಾರ ಜಗಲಿಯಲ್ಲಿ ಮೇಜು ಹಾಕಿದರು. ಬೊಂಬಾಯಿಯ ದಂಪತಿ ಬಿಳಿ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಗುಮಾಸ್ತ ಪತ್ರ ಬಿಡಿಸಿಟ್ಟ. ಗಡ್ಡದವನ ಹಣೆಯಲ್ಲಿ ಬೆವರು.

"ಹೆಂಡತಿ?" ಎಂದ ನೋಟರಿ.

ಬಿಬಿಯಾನ ಜಪಮಣಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

ಒಳಕೋಣೆಯ ಬಾಗಿಲು ತೆರೆಯಿತು. ಲಿಬರಾತ ಹೊರಬಂದಳು. ಮುಸುಕಿಲ್ಲ. ಬಿಳಿಚಿಕೊಂಡಿದ್ದಳು, ತೆಳ್ಳಗಾಗಿದ್ದಳು, ಆದರೆ ಅವಳೇ. ಬಿಬಿಯಾನಳಿಗೆ ಅಳು ಬಂತು.

ನೋಟರಿ ಬಿಡಲಿಲ್ಲ. ತವರಿನ ಹೆಸರು ಕೇಳಿದ, ಮದುವೆಯ ದಿನ ಕೇಳಿದ. ಉಳಿದವರನ್ನೆಲ್ಲ ಅಂಗಳಕ್ಕೆ ಕಳಿಸಿ, ಹೆದರಿಸಿದ್ದಾರಾ, ಹೊಡೆದಿದ್ದಾರಾ ಎಂದು ಕೇಳಿದ.

"ಇಲ್ಲ. ಇಷ್ಟಪಟ್ಟೇ ಮಾರ್ತಿದೀನಿ," ಎಂದಳು ಲಿಬರಾತ.

ಅವಳು ನಿಧಾನವಾಗಿ ಸಹಿ ಹಾಕಿದಳು. ಇವಳು ಲಿಬರಾತಳೇ ಹೌದೆಂದು ಬಿಬಿಯಾನ ಕೆಳಗೆ ಸಾಕ್ಷಿ ಹಾಕಿದಳು. ಗಂಡನ ಕಾಗದಗಳನ್ನು ಲಿಬರಾತಳೇ ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟಳು. ಮಾಸಿದ ಫೋಟೋ ಅಂಟಿಸಿದ್ದ, ಹಡಗಿನ ನೌಕರಿಯ ಹಳೆಯ ಗುರುತಿನ ಪುಸ್ತಕವೂ ಇತ್ತು, ಎಲ್ಲಾ ಸರಿಯಾಗಿತ್ತು. ಗಡ್ಡದವನು ಸಹಿ ಹಾಕುವ ಹೊತ್ತಿಗೆ ನೋಟರಿ ತನ್ನ ಪೆನ್ನಿನ ಮುಚ್ಚಳ ಹಾಕಿಕೊಳ್ಳುತ್ತಿದ್ದ.

ಹೊರಡುವಾಗ ಲಿಬರಾತ ಬಿಬಿಯಾನಳ ಎರಡೂ ಕೈ ಹಿಡಿದುಕೊಂಡಳು.

"ನೀವಿಲ್ಲದಿದ್ರೆ ಇದು ಆಗ್ತಾನೇ ಇರಲಿಲ್ಲ, ಬಾಯಿ."

"ಹುಚ್ಚಿ, ನಾನೇನು ಮಾಡಿದೆ? ನಿನ್ನ ಗಂಡನ್ನ ಸುಮ್ಮನೆ ಅನುಮಾನಿಸಿದೆ."

ಲಿಬರಾತ ಹೋಗಿ ನಾಯಿಯ ಹಗ್ಗ ಬಿಚ್ಚಿದಳು. ನಾಯಿಯನ್ನೂ ಹತ್ತಿಸಿಕೊಂಡು ಬಾಡಿಗೆ ಕಾರು ಹೊರಟುಹೋಯಿತು. ಆ ದಿನ ಬಿಬಿಯಾನ ಕಿಟಕಿ ಮುಚ್ಚಿ ನೆಮ್ಮದಿಯಿಂದ ನಿದ್ದೆ ಮಾಡಿದಳು.

ಶುಕ್ರವಾರ ನಾಲ್ಕು ಗಂಟೆಯ ಬಸ್ಸಿನಿಂದ ನುಣ್ಣಗೆ ಗಡ್ಡ ಹೆರೆದ ಒಬ್ಬ ಕುಳ್ಳ ಮನುಷ್ಯ ಎರಡು ಪೆಟ್ಟಿಗೆಗಳೊಂದಿಗೆ ಇಳಿದ. ಪಕ್ಕದ ಮನೆಯ ಬಾಗಿಲು ಬಹಳ ಹೊತ್ತು ತಟ್ಟಿದ. ಆಮೇಲೆ ಬೇಲಿಯ ಹತ್ತಿರ ಬಂದ.

"ಈ ಓಣಿಗೆ ಹೊಸಬರಾ, ಬಾಯಿ? ನಾನು ಬೊನಿಫಾಸ್, ಹಡಗಿಂದ ಈಗ ಬರ್ತಿದೀನಿ. ನನ್ನ ಹೆಂಡತಿ ಎಲ್ಲಿಗೆ ಹೋದಳು?"

ಗುರುವಾರ ಲಿಬರಾತಳ ಪಕ್ಕ ಕೂತು ಸಹಿ ಹಾಕಿದವನು ಯಾರೆಂದು, ಆ ಪತ್ರ ಬರೆದ ಗುಮಾಸ್ತನಾದ ನನಗೆ ಇಂದಿಗೂ ಗೊತ್ತಿಲ್ಲ.