ಬಾಗಿಲಲ್ಲಿ ಕೂತ ಕರಿನಾಯಿ

ತಂಗಿ ಜ್ವರದಲ್ಲಿ ಬಡಬಡಿಸತೊಡಗಿದಾಗ ನಾನು ಅಮ್ಮನನ್ನು ಕರೆಯಲಿಲ್ಲ. ನೀಲಗಿರಿ ಎಣ್ಣೆಯ ವಾಸನೆ ಬಂದರೆ ಈಗಲೂ ಕೊಲ್ಲಿ ದೇಶದ ಬಿನ್ ಮಹಮೂದ್ ಬಡಾವಣೆಯಲ್ಲಿದ್ದ ನಮ್ಮ ಫ್ಲ್ಯಾಟಿನ ಆ ಮಧ್ಯಾಹ್ನವೇ ಕಣ್ಣೆದುರು ಬರುತ್ತದೆ.

ಎಣ್ಣೆ ಹಚ್ಚಿದ ಅವಳ ಹಣೆ ಸುಡುತ್ತಿತ್ತು.

"ಅಣ್ಣಾ, ಬಾಗಿಲಲ್ಲಿ ಕರಿನಾಯಿ ಕೂತಿದೆ. ಕಣ್ಣು ಕೆಂಡದ ಹಾಗುಂಟು."

ಬಾಗಿಲಲ್ಲಿ ಏನೂ ಇರಲಿಲ್ಲ. ತಮ್ಮೂರಿನಲ್ಲಿ ಅಂಥ ನಾಯಿಯನ್ನು ಕಂಡವರು ಬಾಯಿಬಿಟ್ಟರೆ ಸಾಯುತ್ತಾರೆ ಎಂದು ಕೆಳಮನೆಯ ಐರಿಶ್ ನರ್ಸ್ ನಮಗೆ ಕತೆ ಹೇಳಿದ್ದರು. ನಾನು ತಂಗಿಯ ಬಾಯಿ ಮುಚ್ಚಿ ಹಿಡಿದೆ.

"ಮಲಗಿದ್ಳಾ ಮಾರಾಯ?" ಅಡುಗೆಮನೆಯಿಂದ ಅಮ್ಮ ಕೇಳಿದರು.

"ಮಲಗಿದ್ಳು."

ಸಂಜೆ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜ್ವರ ಮೆದುಳಿಗೇರಿತ್ತು. ತಂಗಿ ಬದುಕಿದಳು, ಎರಡೂ ಕಿವಿ ಹೋದವು.

ಮೊನ್ನೆ ಅವಳಿಗೆ ನನ್ನ ತುಟಿ ಕಾಣುವಂತೆ ಎದುರಿಗೆ ಕೂತು, ನಿಧಾನವಾಗಿ, ಗಟ್ಟಿಯಾಗಿಯೇ ಹೇಳಿದೆ: "ತಪ್ಪಾಯ್ತು ಪುಟ್ಟಿ. ಅವತ್ತು ನಾನು ಅಮ್ಮನನ್ನು ಕರೀಬೇಕಿತ್ತು."