ಎಲೆ ಬಂದ ಮೇಲೆ

ಫೋಟೋದಲ್ಲಿ ಮನೆಯೇ ಕಾಣಿಸುತ್ತಿರಲಿಲ್ಲ. ಗೇಟು ಕಾಣಿಸುತ್ತಿತ್ತು, ಗೇಟಿನ ಮೇಲೆ ಮೂವತ್ತೊಂದು ಎಂಬ ನಂಬರು ಕಾಣಿಸುತ್ತಿತ್ತು. ಅದರಾಚೆ ಬರೀ ಹಸಿರು. ಅಲ್ಲಿಯ ಟೆಕ್ನಿಷಿಯನ್ ಯೋಸೆಫ್ ಮನೆ ಮುಂದೆ ಬಂದು ನಿಂತಿದ್ದೇನೆ ಎಂದು ತಿಳಿಸಲು ಈಗಷ್ಟೇ ಕಳಿಸಿದ್ದ ಫೋಟೋ. ಯಶೋಧರಾ ಅದನ್ನು ದೊಡ್ಡದು ಮಾಡಿ ನೋಡಿದಳು. ಎಲೆಗಳ ಸಂದಿಯಲ್ಲಿ ಸೂರಿನ ಒಂದು ತುಣುಕು ಮಾತ್ರ ಸಿಕ್ಕಿತು.

ಆಲ್ಕೊಳ ಸರ್ಕಲ್ ಹತ್ತಿರದ ಆಫೀಸಿನಲ್ಲಿ ಕೂತು ಅವಳು ಮಾಡುತ್ತಿದ್ದದ್ದು ಆಸ್ಟ್ರಿಯಾದ ಒಂದು ಬೆಟ್ಟದೂರಿನ ಕೆಲಸ. ಅಲ್ಲಿ ಮನೆಮನೆಗೂ ಇದ್ದ ಹಳೇ ಫೋನ್ ತಂತಿ ತೆಗೆದು, ಟವರಿನಿಂದ ನೇರವಾಗಿ ಗಾಳಿಯಲ್ಲೇ ಇಂಟರ್‌ನೆಟ್ ಕೊಡುತ್ತಿದ್ದರು. ಟವರಿಗೂ ಮನೆಗೂ ನಡುವೆ ಏನೂ ಅಡ್ಡ ಇರಬಾರದು. ಇದೆಯೋ ಇಲ್ಲವೋ ಎಂದು ಮೇಲಿನಿಂದ ತೆಗೆದ ಫೋಟೋ ನೋಡಿ ಹೇಳುವುದು ಯಶೋಧರಾಳ ಪಾಲಿನದು. ಈ ಬೀದಿಯ ಮೂವತ್ತೆಂಟು ಮನೆಗಳನ್ನೂ ಫೆಬ್ರವರಿಯಲ್ಲಿ ಪಾಸ್ ಮಾಡಿದವಳು ಅವಳೇ. ಮಾರ್ಚಿನಲ್ಲಿ ಅಲ್ಲಿಯವರು ಹೋಗಿ ಸೂರಿಗೆ ಸಿಗ್ನಲ್ ಹಿಡಿಯುವ ಡಬ್ಬಿ ಕೂರಿಸಿ, ಸಿಗ್ನಲ್ ಪರೀಕ್ಷಿಸಿ, ಆಫ್ ಮಾಡಿ ಬಂದಿದ್ದರು. ಈಗ ಜೂನ್. ಇವತ್ತು ಅಲ್ಲಿಯ ಮಧ್ಯಾಹ್ನ ಹನ್ನೆರಡಕ್ಕೆ, ಅಂದರೆ ಇಲ್ಲಿಯ ಮೂರೂವರೆಗೆ, ಹಳೇ ತಂತಿ ನಿಂತು ಡಬ್ಬಿ ಶುರುವಾಗಬೇಕು. ಮೂರು ಗಂಟೆಗೆ ಐದು ನಿಮಿಷವಿತ್ತು.

ಫೆಬ್ರವರಿಯ ಫೋಟೋ ತೆರೆದಳು. ಮರ ಅಲ್ಲೂ ಇತ್ತು. ಬೋಳು ಕೊಂಬೆ, ಕಡ್ಡಿ ನೆಟ್ಟ ಹಾಗೆ. ಶಂಕರಘಟ್ಟದಲ್ಲಿ ಓದುವಾಗ ಎರಡು ವರ್ಷ ಭದ್ರಾವತಿಯಿಂದ ಬಸ್ಸಿನಲ್ಲಿ ಓಡಾಡಿದವಳು ಅವಳು. ಮಾರ್ಚಿನಲ್ಲಿ ಸಾಗವಾನಿ ತೋಪಿನಾಚೆ ದನ ಮೇಯುವುದೂ ಕಿಟಕಿಯಿಂದ ಕಾಣುತ್ತಿತ್ತು. ಎರಡು ಮಳೆ ಬಿದ್ದರೆ ತೋಪೇ ಗೋಡೆ. ಇಷ್ಟು ಕಂಡವಳಿಗೆ ಆವತ್ತು ಯಾಕೆ ಹೊಳೆಯಲಿಲ್ಲ? ಗಂಟೆಗೆ ನಲವತ್ತು ಮನೆ ಮುಗಿಸುವ ಅವಸರ. ಫೋಟೋದ ಕೆಳಗಿದ್ದ ಟಿಪ್ಪಣಿಯನ್ನೂ ಆವತ್ತು ಓದಿರಲಿಲ್ಲ: ವೃದ್ಧೆ, ಒಬ್ಬರೇ ವಾಸ, ಕೊರಳಲ್ಲಿ ತುರ್ತು ಬಟನ್. ಬಿದ್ದರೆ, ಎದೆನೋವು ಬಂದರೆ ಒತ್ತುವ ಬಟನ್ನು. ಅದರ ಕರೆ ಆಸ್ಪತ್ರೆಗೆ ಹೋಗುವುದು ಇದೇ ಲೈನಿನಲ್ಲಿ.

"ಸರ್, ಇವತ್ತಿನ ಬೀದಿ ನಿಲ್ಲಿಸ್ಬೇಕು."

ಟೀಮ್ ಲೀಡರ್ ತ್ರಿವಿಕ್ರಮ ತಲೆ ಎತ್ತಿದ. "ಬೀದಿ ಪೂರ್ತಿನಾ? ಅರ್ಧ ಗಂಟೆ ಇರೋವಾಗ? ಏನ್ ಮಾರಾಯ್ತಿ ನೀನು!"

"ಬೀದಿ ತುಂಬ ಮರ, ಎಲ್ಲಕ್ಕೂ ಎಲೆ ಬಂದಿದೆ ಸರ್. ನಾನು ಪಾಸ್ ಮಾಡಿದ್ದು ಬೋಳು ಮರ ನೋಡಿ."

ಎರಡೂ ಫೋಟೋ ನೋಡುತ್ತ ಅವನ ಮುಖ ಬಾಡಿತು. ಆದರೂ ದನಿ ತಗ್ಗಿಸಿ ಹೇಳಿದ: "ಪರೀಕ್ಷೆ ಮಾಡಿ ಸಹಿ ಹಾಕಿದೋರು ಅಲ್ಲಿಯೋರು. ನೀನ್ಯಾಕೆ ಮೈಮೇಲೆ ಎಳ್ಕೊಳ್ತೀಯ? ಇದು ನಮಗೆ ಸಿಕ್ಕಿರೋ ಮೊದಲನೇ ಊರು. ಇದ್ರಲ್ಲೇ ಎಡವಿದ್ರೆ ಒಂಬತ್ತು ಜನಾನೂ ಮನೆಗೆ. ನಿನ್ನ ಕೆಲಸ ಖಾಯಂ ಆಗೋಕೆ ಇನ್ನೆಷ್ಟು ದಿನ?"

"ಹನ್ನೆರಡು."

"ಮತ್ತೆ? ತೊಂದ್ರೆ ಆದ್ರೆ ಆ ಮನೆಯೋರೇ ಫೋನ್ ಮಾಡ್ತಾರೆ. ಆಗ ನೋಡೋಣ."

"ಯಾವುದ್ರಲ್ಲಿ ಮಾಡ್ತಾರೆ ಸರ್? ತಂತಿನೂ ಇರಲ್ಲ, ಸಿಗ್ನಲ್ಲೂ ಇರಲ್ಲ."

ತ್ರಿವಿಕ್ರಮ ತನ್ನ ಸ್ಕ್ರೀನಿನ ಕಡೆ ತಿರುಗಿದ. ಬೀದಿ ಪೂರ್ತಿ ನಿಲ್ಲಿಸುವ ಅಧಿಕಾರ ಅವನೊಬ್ಬನದು. ಒಂದೊಂದೇ ಮನೆಯನ್ನು ತಡೆಯುವುದಾದರೆ ಯಶೋಧರಾಳಿಂದಲೂ ಆಗುತ್ತಿತ್ತು, ಆದರೆ ಕಾರಣ ಬರೆಯಬೇಕು. ಅವಳು ತನ್ನ ಜಾಗಕ್ಕೆ ಬಂದು ಕೂತಳು. ಖಾಯಂ ಆದ ತಿಂಗಳೇ ಪೇಪರ್‌ಟೌನಿನ ಬಾಡಿಗೆ ಮನೆ ಬಿಡೋಣ ಎಂದು ಅಪ್ಪ ಓಬಯ್ಯನಿಗೆ ಹೇಳಿಯಾಗಿತ್ತು. ಬೆರಳು ಕೀಬೋರ್ಡಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಮೂವತ್ತೊಂದನೇ ಮನೆಗೆ ಬರೆದಳು: 'ನನ್ನ ತಪ್ಪು. ಎಲೆಯಿಲ್ಲದ ಮರ ನೋಡಿ ಪಾಸ್ ಮಾಡಿದ್ದೇನೆ.' ಒತ್ತಿದಳು. ಪಕ್ಕದಲ್ಲಿ ಅವಳ ಹೆಸರು ತಾನಾಗಿ ಮೂಡಿತು. ಮುಂದಿನ ಮನೆಗೂ ಅದನ್ನೇ ಬರೆಯತೊಡಗಿದಾಗ ಯೋಸೆಫನ ಕರೆ ಬಂತು. ಮೂರು ಗಂಟೆ ಹನ್ನೆರಡು ನಿಮಿಷ.

"ಯಾಕೆ ತಡೆದಿರಿ? ಇಲ್ಲಿ ಪರೀಕ್ಷೆ ಮಾಡಿದವನು ನಾನೇ," ಎಂದ, ಒರಟು ಇಂಗ್ಲಿಷಿನಲ್ಲಿ. "ಪೂರ್ತಿ ಸಿಗ್ನಲ್ ಇತ್ತು."

"ಈಗ ಇನ್ನೊಂದು ಸಲ ಹಾಕಿ ನೋಡಿ, ದಯವಿಟ್ಟು."

ಏಣಿ ಎಳೆದ ಸದ್ದು. ಹತ್ತುವಾಗಿನ ಏದುಸಿರು. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ.

"ಇದೆ. ಸಿಗ್ನಲ್ ಚೆನ್ನಾಗಿಯೇ ಇದೆ."

ಯಶೋಧರಾಳ ಕುರ್ಚಿಯ ಹಿಂದೆ ತ್ರಿವಿಕ್ರಮ ಬಂದು ನಿಂತದ್ದು ಗೊತ್ತಾಯಿತು; ತಿರುಗಿ ನೋಡುವ ಧೈರ್ಯ ಬರಲಿಲ್ಲ.

"ಇರಿ, ಇರಿ," ಎಂದ ಯೋಸೆಫ್. "ಗಾಳಿ ಬಂತು. ಕೊಂಬೆ ಆಡ್ತಿದೆ. ಹೋಯ್ತು. ಈಗ ಬಂತು. ಮತ್ತೆ ಹೋಯ್ತು. ದೇವರೇ, ಈಗ ಬರ್ತಾನೇ ಇಲ್ಲ."

ತ್ರಿವಿಕ್ರಮ ಅವಳ ಭುಜದ ಮೇಲಿಂದ ಕೈ ಚಾಚಿ ಮೌಸ್ ಹಿಡಿದ. ತನ್ನ ಪಾಸ್‌ವರ್ಡ್ ಒತ್ತಿ ಮೂವತ್ತೆಂಟು ಮನೆಗಳನ್ನೂ ನಿಲ್ಲಿಸಿದ. ಗಡಿಯಾರದಲ್ಲಿ ಮೂರು ಇಪ್ಪತ್ತಾರು. ಅವಳು ಬರೆದಿದ್ದ 'ನನ್ನ ತಪ್ಪು' ಎಂಬುದನ್ನು 'ನಮ್ಮ ತಪ್ಪು' ಎಂದು ತಿದ್ದಿದ. "ಸೋಮವಾರ ಇಬ್ಬರೂ ಒಟ್ಟಿಗೇ ಬೈಸ್ಕೊಳ್ಳೋಣ," ಎಂದು ಹಣೆ ಒರೆಸಿಕೊಂಡ.

ಯೋಸೆಫ್ ಇನ್ನೂ ಲೈನಿನಲ್ಲಿದ್ದ. ಅವನ ಹಿಂದೆ ಮುದಿ ಹೆಂಗಸೊಬ್ಬಳ ದನಿ ಏನೋ ಕೇಳಿತು. ಅವನು ತಮ್ಮ ಭಾಷೆಯಲ್ಲಿ ಉತ್ತರ ಕೊಟ್ಟ. ಆಕೆ ಮತ್ತೆ ಏನೋ ಹೇಳಿದಳು, ಈ ಸಲ ತುಸು ಉದ್ದವಾಗಿ.

"ಯಾರ ಹತ್ತಿರ ಮಾತಾಡ್ತಿದ್ದೀಯ ಅಂತ ಕೇಳಿದ್ರು. ಇಂಡಿಯಾದಿಂದ ನಿಮ್ಮ ಮರ ನೋಡ್ತಿರೋರು ಅಂದೆ," ಎಂದ ಯೋಸೆಫ್. "ಅದಕ್ಕೆ ಅವರು ಹೇಳ್ತಿದ್ದಾರೆ, ಅಷ್ಟು ದೂರ ಕೂತು ನೋಡೋ ಬದಲು, ಮರದ ಕೆಳಗೇ ಕೂತಿರೋ ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಅಂತ."